ಮೊದಲ ದಿನಕ್ಕೆ ಹತ್ತು ಪದ

೧೯೩೬ನೇ ಇಸವಿ ಜೂನ್ ಎಂಟು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಶಿವಮೊಗ್ಗದ ಒಬ್ಬ ಡಾಕ್ಟರು ನಾನು ಎಂಟು ವಾರ ಮಾತಾಡಕೂಡದೆಂದು ಆಜ್ಞೆ ಮಾಡಿದರು. ಪಿಸುಮಾತು ಕೂಡದು, ಹಾಡು ಕೂಡದು. ಕೆಮ್ಮು ಬಂದರೆ ನೀರು ಕುಡಿಯತಕ್ಕದ್ದು.

ಆಗ ನನಗೆ ನಲವತ್ತೊಂದು ವರ್ಷ. ಬೆಂಗಳೂರಿನ ಒಂದು ದಿನಪತ್ರಿಕೆಗೆ ಶಿವಮೊಗ್ಗದ ಬಾತ್ಮೀದಾರನಾಗಿದ್ದೆ. ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ಬೈಬಲಿನ ವೇದಪಾಠ ಓದುವವನೂ ನಾನೇ. ನಾನು ಓದಿದರೆ ದೇವಾಲಯದ ಹೊರಗೆ ಜಟಕಾ ನಿಲ್ಲಿಸಿಕೊಂಡವರಿಗೂ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಈ ಮಾತನ್ನು ಮೊದಲು ಹೇಳಿದವನು ನಾನೇ ಎಂದು ನನ್ನ ಹೆಂಡತಿ ಕರುಣಮ್ಮನ ಅಭಿಪ್ರಾಯ.

ಆ ಧ್ವನಿ ಮಾರ್ಚ್ ತಿಂಗಳಲ್ಲಿ ಒಡೆಯಲು ಶುರುವಾಯಿತು. ಜ್ಯೇಷ್ಠಮಧು ಚೀಪಿದೆ. ಕಾಳುಮೆಣಸಿನ ಕಷಾಯ ಕುಡಿದೆ. ಪಕ್ಕದ ಮನೆಯವರು ಹೇಳಿದಂತೆ ಬಿಸಿ ಮರಳಿನ ಗಂಟನ್ನು ಕತ್ತಿಗೆ ಒತ್ತಿಕೊಂಡೆ. ಧ್ವನಿ ಬರಲಿಲ್ಲ, ಬೊಬ್ಬೆ ಬಂತು. ಜೂನ್ ಹೊತ್ತಿಗೆ ನನ್ನ ಗಂಟಲಿನಿಂದ ಹೊರಡುವ ಸದ್ದು ಎಣ್ಣೆ ಕಾಣದ ಬಾಗಿಲಿನದಾಗಿತ್ತು.

ಡಾಕ್ಟರ ಮನೆಯ ಜಗಲಿಯ ಬೆಂಚಿನ ಮೇಲೆ ಎರಡು ಗಂಟೆ ಕಾದೆವು. ನನ್ನ ಎಡಕ್ಕೆ ಕಾಲು ಬಾತುಕೊಂಡಿದ್ದ ಒಬ್ಬ ಅಕ್ಕಿ ವ್ಯಾಪಾರಿ ಕೂತಿದ್ದ.

"ನಿಮಗೇನು ಸ್ವಾಮಿ?" ಎಂದು ಅವನು ಕೇಳಿದ.

ನಾನು ಗಂಟಲು ತೋರಿಸಿದೆ.

"ಓ, ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು."

"ಈಗ ಹೇಗಿದಾರೆ?" ಎಂದು ಕರುಣಮ್ಮ ಕೇಳಿದಳು.

"ಈಗ ಇಲ್ಲ."

ಕರುಣಮ್ಮ ನನ್ನ ಕಡೆ ಸರಿದು ಕೂತಳು. ಆಮೇಲೆ ಅವನು, "ಅವನು ಗಂಟಲಿನಿಂದ ಸಾಯ್ಲಿಲ್ಲ ತಾಯಿ, ಎತ್ತು ಹಾಯ್ದು ಸತ್ತ. ಹೆದರಬೇಡಿ" ಎಂದ. ಕರುಣಮ್ಮ ಅವನಿಗೆ ಬೆನ್ನು ಮಾಡಿ ಕೂತಳು.

ಡಾಕ್ಟರು ಹಣೆಗೆ ಒಂದು ದುಂಡು ಕನ್ನಡಿ ಕಟ್ಟಿಕೊಂಡು, ಇನ್ನೊಂದು ಪುಟ್ಟ ಕನ್ನಡಿಯನ್ನು ನನ್ನ ಗಂಟಲಿಗಿಳಿಸಿ ನೋಡಿದರು. ಒಂದು ಗಂಟು ಇದೆ ಎಂದರು. "ಮೂರರಲ್ಲಿ ಒಂದು ಇರಬಹುದು. ಅತಿಯಾಗಿ ಕೂಗಾಡಿ ಬಂದ ಗಂಟಾದರೆ ಬಾಯಿಗೆ ಬೀಗ ಹಾಕಿದರೆ ಕರಗುತ್ತೆ. ಕ್ಷಯ ಅಂತಾದರೆ ಬೇರೆ ದಾರಿ." ಮೂರನೆಯದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹದಿನೆಂಟು ವರ್ಷದ ನನ್ನ ಕೆಲಸದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಎಂಟು ವಾರದಲ್ಲಿ ಗಂಟು ಕರಗದಿದ್ದರೆ ಮೈಸೂರಿಗೆ ಹೋಗಿ ಕೊಯ್ಯಿಸಬೇಕು. ಕೊಯ್ದ ಮೇಲೆ ಧ್ವನಿ ಉಳಿಯುತ್ತದೆಂದು ಭರವಸೆ ಕೊಡಲಾಗದು ಎಂದರು.

ದಾರಿಯಲ್ಲಿ ಕರುಣಮ್ಮ ಅಳಲಿಲ್ಲ. ಮನೆಗೆ ಬಂದು ಒಲೆ ಹಚ್ಚಿ, ಹೊಗೆಗೆ ಕಣ್ಣು ಒರೆಸಿಕೊಂಡಳು. ಆವತ್ತು ಹೊಗೆ ಬಹಳ ಹೊತ್ತು ಇತ್ತು.

ನಮ್ಮ ಚಿಕ್ಕ ಮಗಳ ಶಾಲೆಯ ಸ್ಲೇಟು ನನ್ನ ಪಾಲಿಗೆ ಬಂತು. ಮೊದಲ ದಿನ ಅದನ್ನು ಅರವತ್ತಕ್ಕೂ ಹೆಚ್ಚು ಸಲ ಒರೆಸಿದೆ. 'ಹುಳಿಗೆ ಉಪ್ಪು ಕಡಿಮೆ', 'ಬಾಗಿಲು ಯಾರು ತೆಗೆದಿಟ್ಟರು', 'ಅವನಿಗೆ ನಾನು ಹೇಳಿದ್ದೆ' — ಇಂಥವೇ. ಹದಿನೈದನೆಯ ದಿನ ಒರೆಸಿದ್ದು ಒಂಬತ್ತು ಸಲ. ಬರೆಯದೆ ಬಿಟ್ಟ ಮಾತುಗಳಿಂದ ಮನೆಯಲ್ಲಿ ಯಾವ ಅನಾಹುತವೂ ಆಗಲಿಲ್ಲ. ಹುಳಿಗೆ ಉಪ್ಪು ತಾನಾಗಿ ಸರಿಹೋಯಿತು.

ನೋಡಲು ಬಂದವರು ನನಗೆ ಕಿವಿಯೂ ಹೋಗಿದೆಯೆಂದು ತಿಳಿದು ಕೂಗಿ ಮಾತಾಡುತ್ತಿದ್ದರು. ಕೆಲವರು ನನ್ನ ಸ್ಲೇಟನ್ನೇ ಇಸಿದುಕೊಂಡು 'ಹೇಗಿದ್ದೀರಿ' ಎಂದು ಬರೆದು ತೋರಿಸಿದರು. ಒಬ್ಬರು ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದರು.

ವೃತ್ತಿಗೆ ಮಾತ್ರ ನಷ್ಟವಾಗಲಿಲ್ಲ. ಪುರಸಭೆಯ ಒಬ್ಬ ಸದಸ್ಯರು, ನಾನು ಚರಂಡಿಯ ವಿಷಯ ಕೇಳಿದಾಗಲೆಲ್ಲ, "ಏನಂದಿರಿ?" ಎನ್ನುತ್ತಾ ಮುಂದೆ ಹೋಗಿಬಿಡುತ್ತಿದ್ದರು. ಆ ಜೂನ್‌ನಲ್ಲಿ ಪುರಸಭೆ ಸೇರಿದಾಗ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಎತ್ತಿ ಹಿಡಿದೆ. ಹಿಂದಿನ ಬೆಂಚಿನವರೂ ಓದಿಕೊಂಡರು. ಚರಂಡಿ ಮುಂದಿನ ವಾರ ಸ್ವಚ್ಛವಾಯಿತು. ಇದನ್ನು ಪತ್ರಿಕೆ ನಾಲ್ಕು ಸಾಲಿನಲ್ಲಿ ಹಾಕಿತು.

ಹೆದರಿಕೆ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಬರುತ್ತಿತ್ತು, ಊಟವಾಗಿ ಮನೆಯಲ್ಲಿ ಸದ್ದಡಗಿದಾಗ. ಆ ಮೂರನೆಯದರ ಹೆಸರು ಹೇಳದೆಯೇ ನನಗೆ ಗೊತ್ತಿತ್ತು. ಪ್ರಾರ್ಥನೆಗೆ ಕೂತರೆ ಅಭ್ಯಾಸಬಲದಿಂದ ತುಟಿ ಅಲ್ಲಾಡುತ್ತಿತ್ತು, ಅದನ್ನೂ ನಿಲ್ಲಿಸಿದೆ. ಆಗ ಒಂದು ಸಂಗತಿ ಗಮನಕ್ಕೆ ಬಂತು. ಅಷ್ಟು ವರ್ಷ ಜೋರಾಗಿ ಮಾಡುತ್ತಿದ್ದ ನನ್ನ ಪ್ರಾರ್ಥನೆ ಮೊದಲು ಅಕ್ಕಪಕ್ಕದವರನ್ನು ತಲುಪಿ, ಆಮೇಲೆ ಮೇಲಕ್ಕೆ ಹೋಗುತ್ತಿತ್ತು. ಈಗ ಅಕ್ಕಪಕ್ಕದವರಿಲ್ಲ. ಬಾಯಿಲ್ಲದೆ ಪ್ರಾರ್ಥಿಸಿದಾಗ ಅಲಂಕಾರದ ಮಾತು ಒಂದೂ ಬರಲಿಲ್ಲ. ಒಬ್ಬ ಮನುಷ್ಯನ ಹೆಸರು ಮಾತ್ರ ಬಂತು. ಬೇಡವೆಂದರೂ ಮರುದಿನ ಮತ್ತೆ ಬಂತು.

ಆ ಹೆಸರು ದೇವದಾಸಪ್ಪ, ನನ್ನ ಅಣ್ಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಮನೆಯ ಮೇಸ್ತ್ರಿ. ನಾವಿಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು.

ಕಾರಣವನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ೧೯೨೯ರಲ್ಲಿ ಭದ್ರಾವತಿಯ ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೆ ಪ್ರತಿಯೊಬ್ಬರೂ ಮನೆಯಲ್ಲಿ ಬೆಳೆದದ್ದನ್ನು ಕಾಣಿಕೆ ತಂದಿದ್ದರು. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕುವುದು ಪದ್ಧತಿ. ಅಣ್ಣ ಒಂದು ಹುಂಜ ತಂದಿದ್ದ. ಪಾದ್ರಿಯ ಪ್ರಸಂಗದ ನಡುವೆ ಅದು ಕಾಲಿನ ದಾರ ಬಿಚ್ಚಿಕೊಂಡು ಹಾರಿ, ಪ್ರಸಂಗಪೀಠದ ಮೇಲೆ ಕೂತು ಮೂರು ಸಲ ಕೂಗಿತು. ಹಿಡಿಯಲು ಹೋದ ಅಣ್ಣ ಕುಂಬಳಕಾಯಿಗಳ ರಾಶಿಯ ಮೇಲೆ ಬಿದ್ದ. ನಾನು ಅದನ್ನು ಪತ್ರಿಕೆಗೆ ಬರೆದೆ. ಹೆಸರು, ಊರು, ಹೊತ್ತು, ಎಲ್ಲವೂ ಇತ್ತು. 'ಪ್ರಸಂಗ ನಾಲ್ಕು ನಿಮಿಷ ನಿಂತಿತು' ಎಂದೂ ಇತ್ತು.

ಅಣ್ಣ ಶಿವಮೊಗ್ಗಕ್ಕೆ ಬಂದು, ತಪ್ಪಾಯಿತೆಂದು ಪತ್ರಿಕೆಯಲ್ಲಿ ಹಾಕು ಎಂದ. ಯಾವ ಅಂಶ ತಪ್ಪು ಎಂದು ನಾನು ಕೇಳಿದೆ. ಅವನಿಗೆ ಒಂದೂ ತೋರಿಸಲಾಗಲಿಲ್ಲ. "ಹಾಗಾದರೆ ತಿದ್ದುಪಡಿಗೆ ಅವಕಾಶವಿಲ್ಲ" ಎಂದೆ. ನಮ್ಮ ಕೊನೆಯ ಮಾತು ಅದು.

ನಮ್ಮ ಎರಡು ಊರಿನ ಸಭೆಗಳಿಗೆ ಒಬ್ಬರೇ ಪಾದ್ರಿ, ನಾವು ಅಯ್ಯನವರು ಎನ್ನುತ್ತೇವೆ. ಎರಡು ತಿಂಗಳಿಗೊಮ್ಮೆ ಎರಡೂ ಊರಿನವರು ಸೇರಿ, ಒಂದೇ ಮೇಜಿನಿಂದ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆ ಮಾಡುತ್ತಿದ್ದೆವು, ಒಂದು ಸಲ ಶಿವಮೊಗ್ಗದಲ್ಲಿ, ಒಂದು ಸಲ ಭದ್ರಾವತಿಯಲ್ಲಿ. ಮಾತು ಬಿಟ್ಟವರು ಒಟ್ಟಿಗೆ ಆ ಮೇಜಿಗೆ ಬರಕೂಡದು. ಮೊದಲು ಹೋಗಿ ರಾಜಿಯಾಗಿ ಬರಬೇಕು. ಆದ್ದರಿಂದ ಆರಾಧನೆ ಶಿವಮೊಗ್ಗದಲ್ಲಾದರೆ ಅಣ್ಣನಿಗೆ ಕಾರ್ಖಾನೆಯಲ್ಲಿ ತಪ್ಪಿಸಲಾಗದ ಪಾಳಿ ಬೀಳುತ್ತಿತ್ತು. ಭದ್ರಾವತಿಯಲ್ಲಾದರೆ ಶಿವಮೊಗ್ಗದಲ್ಲಿ ತುರ್ತು ಸುದ್ದಿ ಹುಟ್ಟುತ್ತಿತ್ತು. ಈ ಸರದಿಯನ್ನು ನಾವಿಬ್ಬರೂ ಮಾತಾಡಿಕೊಂಡು ಗೊತ್ತು ಮಾಡಿದ್ದಲ್ಲ, ಮಾತೇ ಇರಲಿಲ್ಲವಲ್ಲ. ಅತ್ತಿಗೆಯೂ ಕರುಣಮ್ಮನೂ ಕಾರ್ಡು ಬರೆದುಕೊಂಡು ನಡೆಸುತ್ತಿದ್ದರು. ಏಳು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ಸಭೆಯವರೆಲ್ಲರಿಗೂ ಗೊತ್ತಿತ್ತು, ಹೋದ ವರ್ಷ ಹೊಸದಾಗಿ ಬಂದಿದ್ದ ಅಯ್ಯನವರಿಗೆ ಮಾತ್ರ ಗೊತ್ತಿರಲಿಲ್ಲ.

ಮೂರನೆಯ ವಾರ ಅಯ್ಯನವರು ನನ್ನನ್ನು ನೋಡಲು ಬಂದರು. ಪ್ರಾರ್ಥನೆ ಮಾಡಿ, ಕಾಫಿ ಕುಡಿದು, "ಆಗಸ್ಟ್‌ನಲ್ಲಿ ಭದ್ರಾವತಿಯಲ್ಲಿ ಕರ್ತನ ಭೋಜನ ಇದೆ. ನಿಮ್ಮ ಅಣ್ಣನವರ ಪಕ್ಕದಲ್ಲೇ ನಿಮಗೆ ಜಾಗ ಇಡಿಸ್ತೀನಿ, ಗಾಡಿಯಲ್ಲಿ ಬಂದುಬಿಡಿ" ಎಂದರು.

ಕರುಣಮ್ಮ ನನ್ನ ಮುಖ ನೋಡಿದಳು. ನಾನು ಸ್ಲೇಟು ನೋಡಿದೆ. ಕೊನೆಗೆ ಅವಳೇ ಎಲ್ಲವನ್ನೂ ಹೇಳಿಬಿಟ್ಟಳು, ಕಾರ್ಡುಗಳ ಸಮೇತ.

ಅಯ್ಯನವರು ಲೋಟ ಕೆಳಗಿಟ್ಟರು. "ಏಳು ವರ್ಷ! ಹುಂಜಕ್ಕೆ! ಸಹೋದರನಿಗೆ ನಿನ್ನ ಮೇಲೆ ಬೇಸರ ಇದ್ದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು ಅನ್ನೋ ಪಾಠನ ಹೋದ ವರ್ಷ ಓದಿದ್ದು ಯಾರು? ನೀವೇ ಅಲ್ವಾ?"

ನಾನೇ. ಜಟಕಾದವರಿಗೂ ಕೇಳುವ ಹಾಗೆ ಓದಿದ್ದೆ.

"ಇಬ್ಬರೂ ಮುಖಾಮುಖಿ ಬಾಯಿಬಿಟ್ಟು ಮಾತಾಡಿ. ಅಲ್ಲೀತನಕ ಇಬ್ಬರಿಗೂ ಮೇಜಿಲ್ಲ."

'ಮಾತಾಡಬಾರದೆಂದು ಡಾಕ್ಟರ ಆಜ್ಞೆ' ಎಂದು ಬರೆದು ತೋರಿಸಿದೆ.

"ನಾನು ಕರ್ತನ ಆಜ್ಞೆ ಹೇಳ್ತಿದೀನಿ, ನೀವು ಡಾಕ್ಟರ ಆಜ್ಞೆ ತೋರಿಸ್ತೀರಿ" ಎಂದರು. ಆಮೇಲೆ ಅವರಿಗೇ ತೊಡಕು ಹೊಳೆಯಿತು. ಸ್ಲೇಟಿನ ಮೇಲೆ ಬರೆದರೆ ಅದು ಮಾತಾಡಿದ ಲೆಕ್ಕವೋ ಅಲ್ಲವೋ? ಪ್ರಶ್ನೆ ಹಿರಿಯರ ಕೂಟಕ್ಕೆ ಹೋಯಿತು.

ಕೂಟ ನಮ್ಮ ಮನೆಯಲ್ಲೇ ಸೇರಿತು, ನಾನು ರೋಗಿಯಾದ್ದರಿಂದ. ಶಿವಮೊಗ್ಗದ ಹಿರಿಯರು ಜ್ಞಾನಪ್ಪನವರು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. "ಬಾಯಿಮಾತಿಗಿಂತ ಬರವಣಿಗೆ ಗಟ್ಟಿ. ಸರ್ಕಾರವೇ ಒಪ್ಪುತ್ತೆ" ಎಂದರು.

ಭದ್ರಾವತಿಯ ಹಿರಿಯ ಅರುಳಪ್ಪ, ಕಾರ್ಖಾನೆಯ ಫಿಟ್ಟರ್, ತಲೆ ಅಲ್ಲಾಡಿಸಿದ. "ಸ್ಲೇಟು ಒರೆಸಿದ್ರೆ ಪೋಯ್ತು ಅಯ್ಯಾ. ಒರೆಸಿಬಿಡೋ ಮಾತು ಎಂಥಾ ಮಾತು?"

"ಹಾಗಾದರೆ ಕಾಗದದ ಮೇಲೆ ಶಾಯಿಯಲ್ಲಿ ಬರೀಲಿ. ಇಬ್ಬರು ಸಾಕ್ಷಿ ಹಾಕಲಿ" ಎಂದರು ಜ್ಞಾನಪ್ಪನವರು.

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಅರುಳಪ್ಪ ಹೋಗಿ ಅಣ್ಣನಿಗೆ ತಿಳಿಸಿದ. ಅಣ್ಣನ ಉತ್ತರವನ್ನು ಅವನು ಮರುದಿನವೇ ತಂದು ಒಪ್ಪಿಸಿದ: "ಕಾಗದದ ಮೇಲೆ ಬರೆದೇ ಅವನು ನನ್ನ ಮಾನ ಕಳೆದದ್ದು. ಇನ್ನೊಂದು ಸಲ ಬರಿ ಅಂತ ನಾನೇ ಹೋಗಿ ಕೇಳಬೇಕಾ? ಬಾಯಲ್ಲಿ ಹೇಳಲಿ. ಧ್ವನಿ ಬರೋತನಕ ಕಾಯ್ತೀನಿ."

ಧ್ವನಿ ಬರದಿದ್ದರೆ ಎಂದು ಕೂಟದಲ್ಲಿ ಯಾರೂ ಕೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ನಾನು ಕೇಳಿಕೊಂಡೆ. ಆವತ್ತಿನಿಂದ ನನ್ನ ಭಯಕ್ಕೆ ಒಂದು ಗೊತ್ತಾದ ಆಕಾರ ಬಂತು. ಸಾಯುವುದಕ್ಕಿಂತ ಮುಂಚೆ ಮೂಗನಾಗಿಬಿಟ್ಟರೆ ಅಣ್ಣನಿಗೆ ಹೇಳಬೇಕಾದ್ದು ಒಳಗೇ ಉಳಿಯುತ್ತದೆ. ಪತ್ರಿಕೆಯ ಕೆಲಸ, ವೇದಪಾಠ, ಪುರಸಭೆಯ ಚರಂಡಿ ಎಲ್ಲವನ್ನೂ ತೂಗಿ ನೋಡಿದೆ. ಈ ಒಂದು ಮಾತಿನ ಮುಂದೆ ಯಾವುದೂ ತೂಗಲಿಲ್ಲ.

ಕಾಯುತ್ತೇನೆ ಎಂದವನು ಸುಮ್ಮನೆ ಭದ್ರಾವತಿಯಲ್ಲಿ ಕೂರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನದ ರೈಲಿಗೆ ನಮ್ಮ ಮನೆಗೆ ಬರಲು ಶುರುಮಾಡಿದ. ಬಂದವನು ನನ್ನೆದುರಿನ ಕುರ್ಚಿಯಲ್ಲೇ ಕೂತು, ಗೋಡೆಯ ಕಡೆ ಮುಖ ಮಾಡಿ, ಕರುಣಮ್ಮನ ಜೊತೆ ಮಾತಾಡುತ್ತಿದ್ದ. ಕುಲುಮೆಯ ಸದ್ದಿನಲ್ಲಿ ಹನ್ನೆರಡು ವರ್ಷ ಕೂಗಿ ಕೂಗಿ ಅವನ ಮಾತು ನಾಲ್ಕು ಮನೆಗೆ ಕೇಳುತ್ತಿತ್ತು.

"ಕರುಣಾ, ಇವನು ಗಂಜಿ ಕುಡಿದ್ನಾ?"

"ಇಲ್ಲೇ ಇದಾರಲ್ಲ ಭಾವ, ಕೇಳಿ."

"ನಿನ್ನನ್ನ ಕೇಳಿದೆ."

ನಾನು ಸ್ಲೇಟಿನಲ್ಲಿ 'ಕುಡಿದೆ' ಎಂದು ಬರೆದು ಕರುಣಮ್ಮನಿಗೆ ತೋರಿಸುತ್ತಿದ್ದೆ, ಅಣ್ಣನಿಗೂ ಕಾಣುವ ಹಾಗೆ ಸ್ವಲ್ಪ ಓರೆ ಹಿಡಿದು.

"ಕುಡಿದ್ರಂತೆ."

"ಇಷ್ಟು ಕುಡಿದ್ರೆ ಸಾಲಲ್ಲ ಅನ್ನು. ಮೈ ನೋಡು, ಊದುಬತ್ತಿ ಹಂಗಾಗಿದಾನೆ."

'ಅವನದು ಅವನು ನೋಡಿಕೊಳ್ಳಲಿ' ಎಂದು ಬರೆದೆ.

ಕರುಣಮ್ಮ ಸ್ಲೇಟು ಕಿತ್ತುಕೊಂಡು ಒರೆಸಿದಳು. "ನಾನೇನು ಟಪ್ಪಾಲು ಕಚೇರಿನಾ? ದೇವರು ಒಬ್ಬರಿಗೆ ಬಾಯಿ ಕಟ್ಟಿದಾನೆ, ಇನ್ನೊಬ್ಬರಿಗೆ ಬುದ್ಧಿ ಕಟ್ಟಿದಾನೆ. ಇಬ್ಬರೂ ಇಲ್ಲೇ ಕೂತಿರಿ, ನಾನು ಹಿತ್ತಿಲಿಗೆ ಹೋಗ್ತೀನಿ."

ಹೋದಳು. ನಾವಿಬ್ಬರೂ ಅರ್ಧ ಗಂಟೆ ಗೋಡೆ ನೋಡಿದೆವು. ಹೋಗುವಾಗ ಅಣ್ಣ ಒಂದು ಜೇನುತುಪ್ಪದ ಸೀಸೆಯನ್ನು ಮೇಜಿನ ಮೇಲಿಟ್ಟು, "ಇದು ಗಂಟಲಿಗೆ ಒಳ್ಳೇದಂತೆ" ಎಂದು ಗಡಿಯಾರಕ್ಕೆ ಹೇಳಿದ.

ಆಗಸ್ಟ್ ಮೂರು, ಸೋಮವಾರ, ಎಂಟು ವಾರ ತುಂಬಿತು. ಬೆಳಿಗ್ಗೆ ಏಳಕ್ಕೇ ಡಾಕ್ಟರು ಮತ್ತೆ ಕನ್ನಡಿ ಕಟ್ಟಿಕೊಂಡರು. ಗಂಟು ಅರ್ಧಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ, ಮೈಸೂರು ತಪ್ಪುವುದಿಲ್ಲ ಎಂದರು. ಅಲ್ಲಿಯತನಕ ಧ್ವನಿ ತುಕ್ಕು ಹಿಡಿಯದ ಹಾಗೆ ದಿನಕ್ಕಿಷ್ಟು ಬಳಸಬಹುದು. "ಮೊದಲ ದಿನಕ್ಕೆ ಹತ್ತು ಪದ. ಮೇಲೆ ಒಂದೂ ಬೇಡ. ಟೆಲಿಗ್ರಾಂ ಕೊಡ್ತಿದೀನಿ ಅಂದುಕೊಳ್ಳಿ."

ಪದ ಎಣಿಸಿ ಸುದ್ದಿ ಕಳಿಸುವುದು ನನ್ನ ಕಸುಬು. ಮನೆಗೆ ಬಂದು ಸ್ಲೇಟಿನ ಮೇಲೆ ಹೊಡೆದು, ಬರೆದು, ಮತ್ತೆ ಹೊಡೆದು, ಸರಿಯಾಗಿ ಹತ್ತಕ್ಕೆ ತಂದೆ:

'ಅಣ್ಣಾ, ಹುಂಜದ ಸುದ್ದಿ ನಿಜ. ಆದರೂ ನಿನ್ನ ಹೆಸರು ಬರೆದದ್ದು ನನ್ನ ತಪ್ಪು.'

ಕರುಣಮ್ಮ ಓದಿದಳು. "ಹುಂಜದ ಸುದ್ದಿ ನಿಜ ಅನ್ನೋದು ಯಾಕೆ?"

'ನಿಜ ಅಲ್ಲವೇ?' ಎಂದು ಬರೆದೆ.

"ನಿಜಾನೇ. ಏಳು ವರ್ಷದಿಂದ ನಿಜಾನೇ. ಅದರಿಂದ ಯಾರಿಗೆ ಏನು ಸಿಕ್ತು?"

ಅವಳಿಗೆ ಪತ್ರಿಕೆಯ ಕೆಲಸ ತಿಳಿಯದು ಎಂದುಕೊಂಡು ವಾಕ್ಯವನ್ನು ಹಾಗೇ ಉಳಿಸಿದೆ. ಸ್ಲೇಟನ್ನು ಮನೆಯಲ್ಲೇ ಬಿಟ್ಟೆ. ಬಾಯಲ್ಲಿ ಹೇಳಬೇಕೆಂದು ಅವನು ಕೇಳಿದ್ದಾನೆ, ಬಾಯನ್ನೇ ತೆಗೆದುಕೊಂಡು ಹೋಗೋಣ ಎಂಬ ಹಟ. 'ಭದ್ರಾವತಿ' ಎಂದು ಬರೆದ ಒಂದು ಚೀಟಿ ಟಿಕೀಟಿಗೆ ಸಾಕಾಯಿತು.

ರೈಲಿನಲ್ಲಿ ನನ್ನೆದುರು ಹೊಳಲೂರಿನ ಒಬ್ಬ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾವ ಊರು, ಏನು ಕೆಲಸ, ಮಕ್ಕಳೆಷ್ಟು ಎಂದೆಲ್ಲ ಕೇಳಿದಳು. ನಾನು ಕೈಮುಗಿದು ಬಾಯಿ ತೋರಿಸಿದೆ. ಪಕ್ಕದವನೊಬ್ಬ ಅವಳಿಗೆ ವಿವರಿಸಿದ: "ಇವತ್ತು ಸೋಮವಾರ ಅಲ್ವೇನಜ್ಜಿ, ಮೌನವ್ರತ. ದೇಶಸೇವೆಯೋರು." ಸೋಮವಾರ ಮೌನ ಹಿಡಿಯುವ ದೇಶಭಕ್ತರು ಆ ಕಾಲದಲ್ಲಿ ಊರಿಗೊಬ್ಬರಿದ್ದರು. ನಾನು ಉಟ್ಟಿದ್ದದ್ದು ಖಾದಿಯೂ ಆಗಿತ್ತು.

ಡಬ್ಬಿಯಲ್ಲಿ ನನಗೆ ಜಾಗ ಅಗಲವಾಯಿತು. ಒಬ್ಬರು ಬಾಳೆಹಣ್ಣು ಕೊಟ್ಟರು. ಅಜ್ಜಿ ಎದ್ದು ಬಂದು ಮಗುವನ್ನು ನನ್ನ ಪಾದದ ಮೇಲೆ ಮಲಗಿಸಿ, "ಆಶೀರ್ವಾದ ಮಾಡಪ್ಪಾ, ದೊಡ್ಡೋರು ನೀವು" ಎಂದಳು. ಸುಳ್ಳು ಹೆಸರಿನಲ್ಲಿ ಬಾಳೆಹಣ್ಣು ತಿನ್ನಬಹುದು, ಆಶೀರ್ವಾದ ಮಾಡಲಾಗದು.

"ಅಲ್ಲಮ್ಮ," ಎಂದೆ. "ರೋಗಿ."

ಎರಡು ಪದ ಹೋಯಿತು. ಅಜ್ಜಿ ಮಗುವನ್ನು ಒಮ್ಮೆಲೇ ಎತ್ತಿಕೊಂಡಳು. ಬಾಳೆಹಣ್ಣು ಕೊಟ್ಟವರು ಕಿಟಕಿಯತ್ತ ಸರಿದರು. ಇಳಿಯುವ ಗಡಿಬಿಡಿಯಲ್ಲಿ ಯಾರದೋ ತಗಡಿನ ಪೆಟ್ಟಿಗೆ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. "ಅಯ್ಯೋ!" ಎಂದೆ. ಟೆಲಿಗ್ರಾಂ ಕಚೇರಿಯ ನಿಯಮದ ಪ್ರಕಾರ ಅದೂ ಒಂದು ಪದ. ಏಳು ಉಳಿದವು.

ಕಾರ್ಖಾನೆಯ ಗೇಟಿನ ಕಾವಲುಗಾರ ತಮಿಳಿನವನು. ಒಳಗೆ ಬಿಡಲಿಲ್ಲ. ಯಾರು ಬೇಕೆಂದು ಹೇಳದೆ ಅಲ್ಲಿಂದ ಜರುಗಲೂ ಬಿಡಲಿಲ್ಲ. ಕೈಸನ್ನೆ ಮಾಡಿದರೆ, "ಏನ್ ಸಾಮಿ, ನಾಟಕ ಕಂಪನಿಯಾ?" ಎಂದ.

"ದೇವದಾಸಪ್ಪ" ಎಂದೆ. ಆರು.

"ದೇವದಾಸಪ್ಪಾನಾ? ಅಂತ ಆಳು ಇಲ್ಲಿ ಯಾರೂ ಇಲ್ಲೈ."

"ಎರಕದಮನೆ" ಎಂದೆ. ಐದು.

ಅವನ ಮುಖ ಅರಳಿತು. "ಅಡಡೆ! ನಮ್ಮ ಹುಂಜದ ಮೇಸ್ತ್ರಿನಾ? ಹಾಗೆ ಸೊಲ್ಲಬಾರದಾ! ಏಯ್," ಎಂದು ಒಳಗೆ ಹೋಗುತ್ತಿದ್ದ ಕೂಲಿಯೊಬ್ಬನಿಗೆ ಕೂಗಿದ, "ಹುಂಜಕ್ಕೆ ಆಳು ಬಂದಿದೆ ಅನ್ನು!" ಅಲ್ಲಿದ್ದ ನಾಲ್ಕೈದು ಜನ ನಕ್ಕರು. ಒಬ್ಬ ಕೊಕ್ಕೊಕ್ಕೋ ಎಂದ. ಅದು ದಿನನಿತ್ಯದ ತಮಾಷೆಯೆಂದು ಅವರು ನಕ್ಕ ರೀತಿಯಲ್ಲೇ ಗೊತ್ತಾಗುತ್ತಿತ್ತು. "ಅವರ ನಿಜ ಹೆಸರು ಯಾರ್ಗೂ ತೆರಿಯಾದು ಸಾಮಿ," ಎಂದ ಕಾವಲುಗಾರ. "ಯಾವಾಗ್ಲೋ ಪೇಪರಲ್ಲಿ ಬಂತಂತೆ. ಅಂದಿನಿಂದ ಹುಂಜ."

ಏಳು ವರ್ಷ. ದಿನಕ್ಕೆ ಎಷ್ಟು ಸಲವೋ. ನಾನು ಬರೆದದ್ದರಲ್ಲಿ ತಪ್ಪು ಅಂಶವಿರಲಿಲ್ಲ, ಒಂದು ಅಂಶ ಬಿಟ್ಟುಹೋಗಿತ್ತು. ಅದನ್ನು ತಿಳಿಯಲು ಹನ್ನೊಂದು ಮೈಲಿ ರೈಲಿನಲ್ಲಿ ಬಂದು ಗೇಟಿನ ಹತ್ತಿರ ಐದು ನಿಮಿಷ ನಿಂತಿದ್ದರೆ ಸಾಕಾಗಿತ್ತು. ಏಳು ವರ್ಷದಲ್ಲಿ ಆ ಒಂದು ವಿಚಾರಣೆಯನ್ನು ನಾನು ಮಾಡಿರಲಿಲ್ಲ.

ಹುಂಜದ ಸುದ್ದಿ ನಿಜ ಎಂಬುದನ್ನು ಅಲ್ಲೇ ಹೊಡೆದುಹಾಕಿದೆ. ಐದರಲ್ಲಿ ನಾಲ್ಕು ಸಾಕು: 'ಅಣ್ಣಾ, ಬರೆದದ್ದು ನನ್ನ ತಪ್ಪು.' ಒಂದು ಪದ ಉಳಿಯುತ್ತದೆ.

ಅಣ್ಣ ಬಂದ. ಮುಖದ ತುಂಬ ಮಸಿ, ಹೆಗಲ ಮೇಲೆ ಟವಲು. ಹೇಳಿಕಳಿಸಿದವರು ಯಾರೆಂದು ನೋಡಿ, ಹತ್ತು ಮಾರು ದೂರದಲ್ಲೇ ನಿಂತುಬಿಟ್ಟ. ನಾನು ಬಾಯಿ ತೆರೆದೆ.

"ಬಾಯಿ ಮುಚ್ಚೋ!" ಎಂದು ಅಲ್ಲಿಂದಲೇ ಗರ್ಜಿಸಿದ. "ಡಾಕ್ಟರ್ ಏನ್ ಹೇಳಿದಾರೆ? ಬುದ್ಧಿ ಇದೆಯಾ ನಿಂಗೆ? ಈ ಧೂಳಲ್ಲಿ ಬಾಯಿ ತೆಗೀತಾನೆ!"

ಏಳು ವರ್ಷದ ಮೇಲೆ ನಮ್ಮಿಬ್ಬರ ನಡುವಿನ ಮೊದಲ ಮಾತು ಇದು. ಆಡಿದವನು ಅವನು. ನನಗೆ ಅದು ಆ ಕ್ಷಣ ಗಮನಕ್ಕೆ ಬಂತು, ಅವನಿಗೆ ಬರಲಿಲ್ಲ.

ನಾನು ಮುಂದೆ ಹೋಗಿ, ಮೊದಲೇ ಗೊತ್ತುಮಾಡಿಕೊಂಡ ನಾಲ್ಕು ಪದಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ ಹೇಳಿದೆ. ಅದೇ ಹೊತ್ತಿಗೆ ಕಾರ್ಖಾನೆಯ ಹನ್ನೆರಡು ಗಂಟೆಯ ಕೂಗು ಹೊಡೆಯಿತು. ಆ ಕೂಗು ನದಿಯಾಚೆಗೂ ಕೇಳುವಂಥದ್ದು. ನಾವು ಅದರ ಬುಡದಲ್ಲಿದ್ದೆವು. ನನ್ನ ತುಟಿ ಅಲ್ಲಾಡಿದ್ದು ಅಣ್ಣನಿಗೆ ಕಂಡಿತು. ಕೂಗು ನಿಂತಿತು.

"ಏನಂದೆ?" ಎಂದ.

ಒಂದು ಪದ ಉಳಿದಿತ್ತು.

"ತಪ್ಪಾಯ್ತು" ಎಂದೆ.

ಧ್ವನಿ ಕೀಲು ಮುರಿದ ಪೆಟ್ಟಿಗೆಯ ಹಾಗೆ ಬಂತು. ಅಣ್ಣ ನನ್ನನ್ನೇ ನೋಡಿದ. ಮುಖ ಒರೆಸಿಕೊಂಡ. ಮಸಿ ಇನ್ನೂ ಹರಡಿತು.

"ಇಷ್ಟು ಹೇಳೋಕೆ ಏಳು ವರ್ಷ ಬೇಕಿತ್ತಾ ಮಾರಾಯ," ಎಂದ. "ಬಾ. ನಿಮ್ಮತ್ತಿಗೆ ಮುದ್ದೆ ಮಾಡಿದಾಳೆ. ಗಂಟಲಿಗೆ ಸಲೀಸು. ನೀನು ಮಾತಾಡ್ಬೇಡ."

ದಾರಿಯುದ್ದಕ್ಕೂ ಅವನೇ ಮಾತಾಡಿದ. ಊಟಕ್ಕೆ ಕೂತಾಗಲೂ ಅವನೇ. ಏಳು ವರ್ಷದ ಬೈಗುಳವನ್ನು ಕ್ರಮವಾಗಿ, ಇಸವಿ ಪ್ರಕಾರ ಬೈದ. ಸಂಪಾದಕರು ಬೆನ್ನು ತಟ್ಟುವಷ್ಟು ವಿವರವಿತ್ತು. ನಡುನಡುವೆ ಎರಡು ಕಡೆ ಇಸವಿ ತಪ್ಪಿತ್ತು. ತಿದ್ದಲು ನನ್ನಲ್ಲಿ ಪದವಿರಲಿಲ್ಲ. ಅತ್ತಿಗೆ ಬಡಿಸುತ್ತಾ, "ಒಬ್ಬರಿಗಾದ್ರೂ ಡಾಕ್ಟರು ಬಾಯಿ ಕಟ್ಟಿದ್ದು ಒಳ್ಳೇದಾಯ್ತು" ಎಂದರು.

ಹಿರಿಯರ ಕೂಟ ಮತ್ತೆ ಸೇರಿತು. ಒಂದೇ ಪದಕ್ಕೆ ರಾಜಿ ಆಯಿತೆನ್ನಬಹುದೇ ಎಂದು ಜ್ಞಾನಪ್ಪನವರು ಸಂಶಯ ಎತ್ತಿದರು. ಗೇಟಿನ ಕಾವಲುಗಾರನ ಸಾಕ್ಷಿ ಬೇಕೆಂದರು. ಅರುಳಪ್ಪ ಎದ್ದು ನಿಂತ. "ಅಯ್ಯಾ, ಕರ್ತನ ಶಿಲುಬೆಯ ಪಕ್ಕದಲ್ಲಿ ಕ್ಷಮೆ ಪಡೆದ ಕಳ್ಳ ಎಷ್ಟು ಪದ ಸೊಲ್ಲಿದ? ಯಾರಾದರೂ ಎಣಿಸಿದಾರಾ?" ಕೂಟ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್‌ನಲ್ಲಿ ಮೈಸೂರಿಗೆ ಹೋದೆವು. ಅಣ್ಣ ರಜೆ ಹಾಕಿ ಜೊತೆಗೆ ಬಂದ. ಆಸ್ಪತ್ರೆಯಲ್ಲಿ ನನ್ನ ಪರವಾಗಿ ಎಲ್ಲರಿಗೂ ಉತ್ತರ ಕೊಟ್ಟ. ನೋವಿದೆಯೇ ಎಂದು ನರ್ಸಮ್ಮ ನನ್ನನ್ನು ಕೇಳಿದರೆ, "ಇಲ್ಲ, ಇವನು ಚಿಕ್ಕಂದಿನಿಂದ ಹಾಗೇ, ಮುಖ ಹಿಂಡ್ತಾನೆ ಅಷ್ಟೇ" ಎನ್ನುತ್ತಿದ್ದ. ನೋವಿತ್ತು. ಕೊಯ್ಯುವ ದಿನ ಬೆಳಿಗ್ಗೆ ಮಾತ್ರ ಅವನು ಒಂದೂ ಮಾತಾಡಲಿಲ್ಲ. ಬಾಗಿಲವರೆಗೆ ನನ್ನ ಕೈ ಹಿಡಿದುಕೊಂಡು ಬಂದ, ಅಲ್ಲಿ ಬಿಡಿಸಬೇಕಾಯಿತು. ಎಚ್ಚರವಾದಾಗ ಅವನು ಮಂಚದ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ, ತುಟಿ ಅಲ್ಲಾಡುತ್ತಿತ್ತು. ನಾಲ್ಕು ಮನೆಗೆ ಕೇಳುವ ಆ ಗಂಟಲಿನಿಂದ ಸದ್ದೇ ಬರುತ್ತಿರಲಿಲ್ಲ.

ತೆಗೆದ ಗಂಟನ್ನು ಪರೀಕ್ಷಿಸಿ ಹತ್ತು ದಿನದ ಮೇಲೆ ವರದಿ ಕೊಟ್ಟರು. ಕ್ಷಯವಲ್ಲ. ಮೂರನೆಯದೂ ಅಲ್ಲ. ಆಗ ಅದರ ಹೆಸರನ್ನು ಡಾಕ್ಟರು ಬಾಯಿಬಿಟ್ಟು ಹೇಳಿದರು. ಅಣ್ಣ ಜಗಲಿಗೆ ಹೋಗಿ, ಮೂಗು ಸೀನಿ ಬಂದು, ಕೂಗಾಡಿ ಬಂದ ಗಂಟೆಂದು ತಾನು ಮೊದಲೇ ಹೇಳಿರಲಿಲ್ಲವೇ ಎಂದು ಎಲ್ಲರನ್ನೂ ಕೇಳಿದ. ಅವನು ಹೇಳಿರಲಿಲ್ಲ.

ಧ್ವನಿ ಮೂರು ತಿಂಗಳಿಗೆ ಬಂತು, ಅರ್ಧದಷ್ಟು. ಹಾಡಲಾಗದು. ಪುರಸಭೆಯಲ್ಲಿ ಈಗಲೂ ಸ್ಲೇಟು ಒಯ್ಯುತ್ತೇನೆ. ಕಾರ್ಖಾನೆಯಲ್ಲಿ ಅಣ್ಣನನ್ನು ಇನ್ನೂ ಹುಂಜದ ಮೇಸ್ತ್ರಿ ಎನ್ನುತ್ತಾರೆಂದು ಅರುಳಪ್ಪ ಹೇಳುತ್ತಾನೆ. ಗಂಟಲಿಗೆ ಗಂಟು ಬಂದವರು ಆಗಾಗ ನಮ್ಮ ಮನೆಗೆ ಬಂದು, ಎಂಟು ವಾರ ಸುಮ್ಮನಿರುವುದು ಹೇಗೆಂದು ಕೇಳುತ್ತಾರೆ. ಮೊದಲ ವಾರ ಕಷ್ಟ, ಆಮೇಲೆ ಹೇಳಬೇಕಾದ್ದು ತಾನಾಗಿ ಕಡಿಮೆಯಾಗುತ್ತದೆ ಎನ್ನುತ್ತೇನೆ. ಕರುಣಮ್ಮ ಒಳಗಿನಿಂದ, "ಹಾಗೆ ಕಡಿಮೆಯಾದದ್ದು ಇವರಿಗೆ ಎಂಟೇ ವಾರ ಇತ್ತು" ಎನ್ನುತ್ತಾಳೆ.

ಈ ತಿಂಗಳ ಮೊದಲನೆಯ ಭಾನುವಾರ ಭದ್ರಾವತಿಯಲ್ಲಿ ಕರ್ತನ ಭೋಜನದ ಆರಾಧನೆ ನಡೆಯಿತು. ವೇದಪಾಠ ನಾನು ಓದಿದೆ. ಧ್ವನಿ ಮೂರನೆಯ ಬೆಂಚಿನವರೆಗೆ ಕೇಳಿಸಿತು. ಅಣ್ಣ ಎರಡನೆಯ ಬೆಂಚಿನಲ್ಲಿ ಕೂತಿದ್ದ.